ಕೊನೆಯ ಗಾಂಧಾರ

ವಾಡಿ
೫ ಆಗಸ್ಟ್ ೨೦೨೪

ಸಂಘಮಿತ್ರಾ,

ಜೈಭೀಮ್. ಈ ಕಾಲದಲ್ಲಿ ಕಾಗದ ಬರೆಯುತ್ತಿದ್ದಾನಲ್ಲ ಎಂದು ನಗಬೇಡ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ ಮೇಲೆ ಉಳಿದದ್ದು ಇದೊಂದೇ ದಾರಿ. ಆಫೀಸು ಬಿಟ್ಟು, ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು, ಶಹಾಬಾದಿನ ಗಾಡಿ ಬರುವುದರೊಳಗೆ ಇದನ್ನು ಮುಗಿಸಬೇಕು.

ಡಿಸೆಂಬರಿನಲ್ಲಿ ಸೇಡಂನಲ್ಲಿ ಸಮೂಹ ಗಾಯನ ಸ್ಪರ್ಧೆ ಇದೆ. ತಂಬೂರಿ ಬಿಟ್ಟು ಬೇರೆ ವಾದ್ಯ ಇರಬಾರದು. ಎಲ್ಲರೂ ಒಂದೇ ಧಾಟಿ ಹಾಡಿದರೆ ಒಳಗೇ ಬಿಡುವುದಿಲ್ಲವಂತೆ, ನಾಲ್ಕು ಬೇರೆ ಬೇರೆ ದನಿ ಇರಲೇಬೇಕಂತೆ. ತೀರ್ಪುಗಾರರು ಹೈದರಾಬಾದಿನವರು. ನಮ್ಮ ಮೈತ್ರಿ ಮೇಳದ ಹೆಸರು ಕೊಟ್ಟುಬಿಟ್ಟಿದ್ದೇನೆ. 'ಕಲ್ಲೊಡದ ಕೈಯಾಗ' ಹಾಡುವುದೆಂದು ಎಲ್ಲರೂ ಒಪ್ಪಿದ್ದಾರೆ. ಸುಶ್ಮಿತಾಳ ದನಿ ಈಗ ಎಷ್ಟು ಮೇಲೆ ಹೋಗುತ್ತದೆ ಗೊತ್ತಾ? ಮತೀನನ ತಳದ ದನಿ ಕೇಳಿದರೆ ನಾವು ಅಭ್ಯಾಸ ಮಾಡುವ ಬುದ್ಧ ವಿಹಾರದ ಕಿಟಕಿಗಳು ನಡುಗುತ್ತವೆ.

ಆದರೆ ನಾಲ್ಕು ದನಿ ಬರೆಯುವ ವಿದ್ಯೆ ನಮ್ಮಲ್ಲಿ ನಿನ್ನೊಬ್ಬಳಿಗೇ ಗೊತ್ತು. ಮೇಳ ಕಟ್ಟಿದವಳೂ ನೀನೇ. ನಿನಗೆ ಚಿಂಚೋಳಿಯ ವಸತಿ ಶಾಲೆಗೆ ವರ್ಗವಾದ ಮೇಲೆ ನಾನು ಹೇಗೋ ಎಳೆದುಕೊಂಡು ಬಂದಿದ್ದೇನೆ. ಮೂಲ ತತ್ವಗಳನ್ನಷ್ಟೇ ಕಾಗದದಲ್ಲಿ ತಿಳಿಸು, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ.

ಏಪ್ರಿಲಿನ ಮಾತನ್ನು ನೀನು ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ ಅಂದುಕೊಳ್ಳುತ್ತೇನೆ. ಅತ್ತಿ ಹೇಗಿದ್ದಾಳೆ? ಕೇಳಿದೆ ಎಂದು ಹೇಳು.

ನಿನ್ನ,
ಪ್ರಬುದ್ಧ


ಚಿಂಚೋಳಿ
೧೩ ಆಗಸ್ಟ್ ೨೦೨೪

ಪ್ರಬುದ್ಧ ಸರ್ ಅವರಿಗೆ,

ನಿಮ್ಮ ಕಾಗದ ತಲುಪಿತು. ಶಹಾಬಾದಿನಲ್ಲಿರುವವರಿಗೆ ಭಂಕೂರು ಕೂಗಳತೆ. ಅಲ್ಲಿರುವ ನಿಮ್ಮ ಸ್ವಂತ ಸೋದರತ್ತೆ ಹೇಗಿದ್ದಾಳೆಂದು ಚಿಂಚೋಳಿಯಲ್ಲಿ ಕುಳಿತ ಅವಳ ಮಗಳನ್ನು ಕೇಳುತ್ತೀರಿ. ಕಾರ್ಯವಾಸಿ ಕತ್ತೆಕಾಲು ಕಟ್ಟು ಎಂಬ ಮಾತು ನನಗೂ ಗೊತ್ತು. ಕತ್ತೆ ನಾನಾದೆ, ಅಷ್ಟೇ.

ಏಪ್ರಿಲಿನ ಮಾತನ್ನು ಮರೆತಿಲ್ಲ. ನೀವು ಮರೆತಿದ್ದರೆ ನೆನಪಿಸುತ್ತೇನೆ. ಚಿತ್ತಾಪುರದ ಅಂಬೇಡ್ಕರ್ ಜಯಂತಿ. ವೇದಿಕೆ ಹತ್ತುವ ಮೆಟ್ಟಿಲ ಹತ್ತಿರ, ಮೇಳದವರೆಲ್ಲರ ಎದುರು, ಮೈಕಿನವನೂ ಕೇಳುವಂತೆ ನೀವು ನನ್ನ ಅವ್ವನಿಗೆ ಅಂದಿರಿ: "ಅತ್ತಿ, ನಿನ್ನ ದನಿ ಯಾರ ಜೋಡಿನೂ ಬೆರೆಯಂಗಿಲ್ಲ. ತುಟಿ ಅಷ್ಟೇ ಅಲ್ಲಾಡಸು, ದನಿ ತೆಗೀಬ್ಯಾಡ." ಅವ್ವ ಹಾಗೇ ಮಾಡಿದಳು. ಯಾರ ಹಾಡಿಗೆ? ತನ್ನದೇ ಹಾಡಿಗೆ. ಭಂಕೂರಿನ ಫರಸಿ ಖಣಿಯಲ್ಲಿ ಕಲ್ಲು ಹೊರುತ್ತಾ ಅವಳು ಕಟ್ಟಿದ ಹಾಡು ಅದು. ಕೊನೆಗೆ ಮೈಕಿನಲ್ಲಿ 'ರಚನೆ, ಪ್ರಬುದ್ಧ' ಎಂದು ಕೇಳಿಸಿತು. ಶಿವಕಾಂತಮ್ಮ ಎಂಬ ಹೆಸರು ಎಲ್ಲೂ ಇರಲಿಲ್ಲ. ಅಂದಿನಿಂದ ಅವಳು ರೊಟ್ಟಿ ಬಡಿಯುವಾಗಲೂ ಹಾಡಿಲ್ಲ. ಮೊದಲು ಆ ಮನೆಯಲ್ಲಿ ಹಂಚು ಕಾಯುವ ಮುನ್ನ ಹಾಡು ಶುರುವಾಗುತ್ತಿತ್ತು.

ನಾನು ನಿಮ್ಮನ್ನು ಕ್ಷಮಿಸಿಲ್ಲ. ಸೇಡು ತೀರಿಸಿಕೊಳ್ಳದೆ ಬಿಡುವವಳೂ ಅಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಆಮೇಲೆ ಮೋಸ ಅನ್ನಲು ನಿಮಗೆ ಬಾಯಿ ಇರುವುದಿಲ್ಲ. ಆದರೂ ಕಲಿಸುತ್ತೇನೆ. ಒಂದೇ ಷರತ್ತು: ಸೇಡಂನಲ್ಲಿ ಹಾಡಿಗೆ ಮುಂಚೆ ಮೈಕಿನಲ್ಲಿ 'ಈ ಹಾಡು ಭಂಕೂರಿನ ಶಿವಕಾಂತಮ್ಮನದು' ಅನ್ನಬೇಕು.

ಈಗ ಪಾಠ. ಮೇಲಿನ ಹೆಣ್ಣುದನಿ ಸೋಪ್ರಾನೊ, ಕೆಳಗಿನ ಹೆಣ್ಣುದನಿ ಆಲ್ಟೊ, ಮೇಲಿನ ಗಂಡುದನಿ ಟೆನರ್, ತಳದ್ದು ಬೇಸ್. ದನಿ ನಾಲ್ಕು, ಆದರೆ ಒಟ್ಟಿಗೆ ನುಡಿಯುವ ಸ್ವರ ಹೆಚ್ಚಾಗಿ ಮೂರೇ: ಸ, ಗ, ಪ. ಆದ್ದರಿಂದ ಒಂದು ಸ್ವರ ಇಬ್ಬರಿಗೆ ಸಿಗುತ್ತದೆ, ಸಾಮಾನ್ಯವಾಗಿ ಸ, ಅಂದರೆ ಷಡ್ಜ. ಬೇಕಾದರೆ ಪ ಬಿಡಬಹುದು, ಯಾರೂ ಕೇಳುವುದಿಲ್ಲ. ಗ, ಅಂದರೆ ಗಾಂಧಾರ, ಮಾತ್ರ ಬಿಡುವಂತಿಲ್ಲ. ಅದು ಯಾರದೋ ಒಬ್ಬರ ಬಾಯಲ್ಲಿ ಇರಲೇಬೇಕು.

ದಿನಾ ಬೆಳಿಗ್ಗೆ ಹಾರ್ಮೋನಿಯಂ ಮೇಲೆ ಸ ಮತ್ತು ಪ ಎರಡನ್ನೇ ಹಿಡಿಯಿರಿ. ಸುಮ್ಮನೆ ಕೇಳಿ. ಆಮೇಲೆ ನಡುವೆ ಗ ಸೇರಿಸಿ. ಮತ್ತೆ ತೆಗೆಯಿರಿ. ತೆಗೆದಾಗ ಏನಾಯಿತೆಂದು ನಿಮಗೆ ತಿಳಿಯುವ ತನಕ ಎರಡನೆಯ ಪಾಠ ಇಲ್ಲ.

ಸಂಘಮಿತ್ರಾ


ಶಹಾಬಾದ್
೧ ಸೆಪ್ಟೆಂಬರ್ ೨೦೨೪

ಮಿತ್ರಾ,

ನೀನು ನನಗೆ ಯಾವಾಗಿನಿಂದ 'ನೀವು' ಅನ್ನತೊಡಗಿದೆ? ಒಂದೇ ಓಣಿಯಲ್ಲಿ ಚಡ್ಡಿ ಹಾಕಿಕೊಂಡು ಬೆಳೆದವರು ನಾವು. 'ಸರ್' ಅಂತೆ! ಓದಿ ಒಬ್ಬನೇ ನಕ್ಕೆ. ಸೇಡಿನ ಮಾತು ಓದಿ ಇನ್ನೂ ನಕ್ಕೆ. ನಿನ್ನ ಸಿಟ್ಟು ಹಾಲು ಉಕ್ಕಿದ ಹಾಗೆ, ಒಲೆ ಸಣ್ಣ ಮಾಡಿದರೆ ಇಳಿಯುತ್ತದೆ.

ಚಿತ್ತಾಪುರದ ಬಗ್ಗೆ ಒಂದು ಮಾತು. ಅವತ್ತು ಮೈಕು ಎರಡೇ ಇದ್ದವು. ಅತ್ತಿಯ ದನಿ ಹೇಗೆಂದು ನಿನಗೂ ಗೊತ್ತು, ಹತ್ತು ಜನರ ನಡುವೆ ನಿಂತರೂ ಅದೊಂದೇ ಬೇರೆಯಾಗಿ ಕೇಳಿಸುತ್ತದೆ. ಕಲ್ಲು ಕೊಯ್ಯುವ ಮಿಷನ್ನಿನ ಎದುರು ಹಾಡಿ ಹಾಡಿ ಹಾಗಾಗಿದೆ. ನಾನು ಮೇಳದ ಒಳಿತಿಗೆ ಹೇಳಿದೆ. ಅತ್ತಿ ಒಂದು ಮಾತೂ ಆಡಲಿಲ್ಲ. ಅವಳಿಗೇ ಬೇಸರವಾಗಿಲ್ಲ, ನಿನಗೇಕೆ?

ಇರಲಿ. ನೀನು ಹೇಳಿದ್ದನ್ನು ಮಾಡಿದೆ. ಮೊದಮೊದಲು ಏನೂ ಗೊತ್ತಾಗಲಿಲ್ಲ. ಸ, ಪ ಚೆನ್ನಾಗಿಯೇ ಇದೆಯಲ್ಲ ಅನಿಸಿತು. ಹೋದ ಭಾನುವಾರ ಗ ತೆಗೆದ ಕೂಡಲೇ ಏನೋ ಆಯಿತು. ಸಾಮಾನೆಲ್ಲ ಹೊರಗೆ ಹಾಕಿದ ಕೋಣೆಯಲ್ಲಿ ಮಾತಾಡಿದ ಹಾಗೆ. ಈಗ ಪ್ರತಿಸಲ ಕೇಳಿಸುತ್ತದೆ. ಸರಿ ತಾನೆ?

ಜೊತೆಗೆ ನಾನೇ ಬರೆದ ನಾಲ್ಕು ದನಿಯ ಪಲ್ಲವಿ ಇಟ್ಟಿದ್ದೇನೆ. ನೋಡಿ ಶಹಭಾಷ್ ಅನ್ನು.

ಪ್ರಬುದ್ಧ


ಚಿಂಚೋಳಿ
೧೦ ಸೆಪ್ಟೆಂಬರ್ ೨೦೨೪

ಪ್ರಬುದ್ಧ ಸರ್ ಅವರಿಗೆ,

ಕಿವಿ ಸ್ವಲ್ಪ ತೆರೆದಿದೆ. ಸಂತೋಷ. ಅಭ್ಯಾಸ ಬಿಡಬೇಡಿ, ದಿನಾ ಮಾಡಿ. ನನಗೆ ನಿಮ್ಮ ಆ ಕಿವಿಯೇ ಬೇಕು.

ಶಹಭಾಷ್ ಅನ್ನುವಂಥದ್ದು ನಿಮ್ಮ ಪಲ್ಲವಿಯಲ್ಲಿ ಏನೂ ಇಲ್ಲ. ಬೇಸ್ ಸ ಅಂದರೆ ಟೆನರ್ ಪ. ಬೇಸ್ ರಿ ಅಂದರೆ ಟೆನರ್ ಧ. ಬೇಸ್ ಗ ಅಂದರೆ ಟೆನರ್ ನಿ. ಇವು ಎರಡು ದನಿಯಲ್ಲ. ಬೇಸಿನ ಮತೀನ ಎಲ್ಲಿ ಕಾಲಿಟ್ಟರೂ ಟೆನರಿನ ಚಂದ್ರಾಮ ಅಷ್ಟೇ ದೂರದಲ್ಲಿ ಕಾಲಿಡುತ್ತಿದ್ದಾನೆ. ಹಾಗೆ ಐದು ಸ್ವರದ ಅಂತರ ಇಟ್ಟುಕೊಂಡು ಇಬ್ಬರು ಸಾಲಾಗಿ ನಡೆಯಬಾರದು, ಎಂಟು ಸ್ವರದ ಅಂತರದಲ್ಲೂ ನಡೆಯಬಾರದು. ನಡೆದರೆ ಒಬ್ಬನ ದನಿ ಸತ್ತಂತೆ. ಒಬ್ಬರ ದನಿಯನ್ನು ಇನ್ನೊಬ್ಬರ ಬಾಲ ಮಾಡುವುದು ನಿಮಗೆ ಹುಟ್ಟುಗುಣ ಎಂದು ಕಾಣುತ್ತದೆ.

ತಳದ ದನಿ ಏರುವಾಗ ಮೇಲಿನವನ್ನು ಇಳಿಸಿ. ನಾಲ್ವರೂ ಒಟ್ಟಿಗೆ ನುಡಿಯುವ ಸ್ವರಗಳು ಒಂದು ಗುಚ್ಛ; ಒಂದರ ಹಿಂದೊಂದು ಬರುವ ಎರಡು ಗುಚ್ಛಕ್ಕೂ ಒಂದೇ ಸ್ವರ ಇದ್ದರೆ ಅದನ್ನು ಹಿಡಿದವರ ಬಾಯಲ್ಲೇ ಬಿಡಿ, ಉಳಿದವರು ಹತ್ತಿರದ ಸ್ವರದ ಮನೆಗೆ ಹೋಗಲಿ. ಆಲ್ಟೊ ಟೆನರಿಗಿಂತ ಕೆಳಗೆ ಇಳಿಯಬಾರದು, ಟೆನರ್ ಆಲ್ಟೊ ತಲೆಯ ಮೇಲೆ ಹತ್ತಬಾರದು. ಮೇಲಿನ ಮೂರರಲ್ಲಿ ಪಕ್ಕಪಕ್ಕದವರ ನಡುವೆ ಒಂದು ಸಪ್ತಕಕ್ಕಿಂತ ಹೆಚ್ಚು ದೂರ ಬೇಡ. ಇದನ್ನೆಲ್ಲ ನನಗೆ ವಾಡಿಯ ರೈಲ್ವೆ ಕ್ವಾರ್ಟರ್ಸಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ತುಳಜಾಬಾಯಿ ಕಲಿಸಿದರು. ನಿಮ್ಮನ್ನೂ ಕರೆದಿದ್ದರು. ಆಗ ನೀವು ಹೊರಗೆ ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದಿರಿ.

ಅವ್ವನಿಗೆ ಬೇಸರವಾಗಿಲ್ಲ ಎಂದು ಬರೆದಿದ್ದೀರಿ. ನಮ್ಮ ಅವ್ವ ಬೇಸರವಾದಾಗ ಮಾತಾಡುವುದಿಲ್ಲ. ಅದು ಗೊತ್ತಾಗಲು ಅವಳ ಕೈಯ ರೊಟ್ಟಿ ತಿಂದು ಬೆಳೆದಿರಬೇಕು. ನೀವು ತಿಂದಿದ್ದೀರಿ, ಆದರೆ ರುಚಿ ಮಾತ್ರ ನೋಡಿದ್ದೀರಿ.

ಷರತ್ತಿಗೆ ಉತ್ತರ ಬರಲಿಲ್ಲ.

ಸಂಘಮಿತ್ರಾ


ಶಹಾಬಾದ್
೨೯ ಸೆಪ್ಟೆಂಬರ್ ೨೦೨೪

ಮಿತ್ರಾ,

ಹೊಡೆತಕ್ಕೆ ಹೊಡೆತ ಕೊಡುತ್ತೀಯ. ಆದರೆ ಖರೇ ಹೇಳುತ್ತೇನೆ, ನೀನು ಹೇಳಿದ ಹಾಗೆ ತಿದ್ದಿ ಹಾಡಿಸಿದಾಗ ಮೇಳದವರೆಲ್ಲ ಇನ್ನೊಮ್ಮೆ ಹಾಡಿಸಿ ಅಂದರು. ಮತೀನ "ಅರೆ, ನನ್ನ ದನಿ ನನಗೇ ಬ್ಯಾರೆ ಕೇಳ್ಸಾಕತ್ತದ ಸರ್" ಅಂದ. ನನಗೂ ಈಗ ಎಲ್ಲ ಕಡೆ ಕೇಳಿಸುತ್ತದೆ. ಮದುವೆಮನೆಯ ಬ್ಯಾಂಡಿನಲ್ಲಿ, ಸಿನಿಮಾ ಹಾಡಿನಲ್ಲಿ, ಎಲ್ಲೆಲ್ಲೂ ಮೊದಲು ಗ ಎಲ್ಲಿದೆ ಎಂದು ಹುಡುಕುತ್ತೇನೆ. ಹುಚ್ಚು ಹಿಡಿಸಿಬಿಟ್ಟೆ.

ಹೆಸರಿನ ವಿಷಯ ನೋಡೋಣ. ಹೇಳುವುದಕ್ಕೆ ನನಗೇನು ಅಡ್ಡಿ? ಮೇಳದ ಹೆಸರು ಕೊಡುವಾಗ ರಚನೆಯ ಜಾಗದಲ್ಲಿ ನನ್ನ ಹೆಸರು ಬರೆದಾಗಿತ್ತು. ತಿದ್ದಿಸಬೇಕು. ತಿದ್ದಿಸುತ್ತೇನೆ.

ಹಾಡಿನ ಮುಕ್ತಾಯದಲ್ಲಿ ಕೈ ಕಟ್ಟಿಹೋಗಿದೆ. 'ಮೆಲ್ಲಕ ಬಾರೋ ಮನಿತನಕ' ಎನ್ನುವ ಸಾಲು ರಿ ಮೇಲೆ ನಿಂತು ಸ ಗೆ ಇಳಿಯುತ್ತದಲ್ಲ, ಅಲ್ಲಿ ಏನು ಬರೆದರೂ ಗಂಟಲಲ್ಲಿ ಸಿಕ್ಕಿಕೊಂಡಂತೆ ಆಗುತ್ತದೆ. ನೀನೇ ಪೂರ್ತಿ ಬರೆದು ಕಳಿಸಿಬಿಡು. ನಿನಗೆ ಅರ್ಧ ದಿನದ ಕೆಲಸ.

ಪ್ರಬುದ್ಧ


ಚಿಂಚೋಳಿ
೧೨ ಅಕ್ಟೋಬರ್ ೨೦೨೪

ಪ್ರಬುದ್ಧ ಸರ್ ಅವರಿಗೆ,

ಪೂರ್ತಿ ಹಾಡು ಬರೆದು ಇದರೊಂದಿಗೆ ಇಟ್ಟಿದ್ದೇನೆ. ಪ್ರತಿ ಸಾಲಿಗೂ ನಾಲ್ಕು ಸಾಲು, ಮೇಲಿಂದ ಕೆಳಗೆ. ಅವ್ವನ ಧಾಟಿಯಲ್ಲಿ ಒಂದು ಸ್ವರವನ್ನೂ ಮುಟ್ಟಿಲ್ಲ. ಅದು ಸೋಪ್ರಾನೊದಲ್ಲಿ ಹಾಗೇ ಇದೆ.

ಮುಕ್ತಾಯ ಹೀಗಿದೆ. ಕೊನೆಗಿಂತ ಒಂದು ಹಿಂದೆ ನಾಲ್ವರೂ ನಾಲ್ಕು ಸ್ವರದ ಮೇಲೆ ನಿಲ್ಲುತ್ತಾರೆ. ಬೇಸ್ ಪ, ಟೆನರ್ ನಿ, ಆಲ್ಟೊ ಮ, ಸೋಪ್ರಾನೊ ರಿ. ಇಲ್ಲಿಂದ ಯಾರು ಎಲ್ಲಿಗೆ ಹೋಗಬೇಕೆಂದು ನಾನು ಹೇಳುವುದಿಲ್ಲ, ಸ್ವರಗಳೇ ಹೇಳುತ್ತವೆ. ನಿ ಗೆ ಏರುವ ಹಂಬಲ, ಸ ಮುಟ್ಟದೆ ಅದಕ್ಕೆ ಸಮಾಧಾನ ಇಲ್ಲ. ಮ ಗೆ ಇಳಿಯುವ ಹಂಬಲ, ಅದು ಗ ಗೆ ಬರಬೇಕು. ರಿ ಅವ್ವನ ಧಾಟಿಯಂತೆ ಸ ಗೆ ಬರುತ್ತದೆ. ಬೇಸಿನ ಪ ಸ ಗೆ ಬಂದು ಕೂರುತ್ತದೆ. ಹೀಗೆ ಕೊನೆಯ ಗುಚ್ಛದಲ್ಲಿ ಮೂವರ ಬಾಯಲ್ಲಿ ಸ, ಆಲ್ಟೊ ಒಂದರ ಬಾಯಲ್ಲಿ ಗ. ಪ ಇಲ್ಲ, ಬೇಡ. ಇದು ನನ್ನ ಚಮತ್ಕಾರವಲ್ಲ, ಯಾವ ಪಾಠದಲ್ಲಾದರೂ ಹೀಗೇ ಇರುತ್ತದೆ. ಹೈದರಾಬಾದಿನವರು ಭೂತಗನ್ನಡಿ ಹಿಡಿದು ನೋಡಲಿ, ಒಂದು ತಪ್ಪು ಸಿಕ್ಕರೆ ನಾನು ಹಾರ್ಮೋನಿಯಂ ಮುಟ್ಟುವುದು ಬಿಡುತ್ತೇನೆ.

ಆಲ್ಟೊ ಗಟ್ಟಿಯಾಗಿರಲಿ. ಇಡೀ ಹಾಡು ಕೊನೆಗೆ ಆ ಒಂದು ಗ ಮೇಲೆ ನಿಂತಿದೆ.

'ನೋಡೋಣ' ಎಂಬ ಮಾತನ್ನು ನಾನು ಸರ್ಕಾರಿ ಕಚೇರಿಗಳಲ್ಲಿ ಬೇಕಾದಷ್ಟು ಕೇಳಿದ್ದೇನೆ.

ಸಂಘಮಿತ್ರಾ


ಶಹಾಬಾದ್
೬ ನವೆಂಬರ್ ೨೦೨೪

ಮಿತ್ರಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ಹಾಡು ಅದ್ಭುತವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊನೆಗೆ ಬಂದಾಗ ಆಲ್ಟೊ ಹುಡುಗಿಯರು ಜಾರುತ್ತಾರೆ. ಮ ತನಕ ಸರಿಯಾಗಿ ಬರುತ್ತಾರೆ. ಪಕ್ಕದಲ್ಲಿ ಸುಶ್ಮಿತಾ, ಹಿಂದೆ ಮತೀನ, ಆಚೆ ಚಂದ್ರಾಮ ಎಲ್ಲ ಸೇರಿ ಸ ಅಂದ ಕೂಡಲೇ ಇವರೂ ಸ ಗೆ ಹೋಗಿಬಿಡುತ್ತಾರೆ. ಬೈದೆ, ರಮಿಸಿದೆ, ಕಿವಿಗೆ ಹತ್ತಿ ಇಟ್ಟು ಹಾಡಿಸಿದೆ. ಊಹೂಂ. ಲತೀಫಾ ಅಳುತ್ತಾ "ಎಲ್ಲಾರೂ ಒಂದ್ ಕಡಿ ಹೋದ್ರ ನಾ ಒಬ್ಬಾಕಿ ಹ್ಯಾಂಗ್ ನಿಂದರ್ಲಿ ಸರ್?" ಅಂದಳು.

ಗ ಇಲ್ಲದ ಆ ಕೊನೆ ನನಗೆ ಕೇಳಲಾಗುವುದಿಲ್ಲ. ಮೊದಲಾಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ, ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದೆ. ಈಗ ಊಟ ಸೇರುವುದಿಲ್ಲ.

ಗ ವನ್ನು ಟೆನರಿಗೆ ಕೊಟ್ಟರೆ ಹೇಗೆ? ಚಂದ್ರಾಮ ಗಟ್ಟಿಗ. ಬೇಗ ಬರಿ.

ಪ್ರಬುದ್ಧ


ಚಿಂಚೋಳಿ
೧೩ ನವೆಂಬರ್ ೨೦೨೪

ಪ್ರಬುದ್ಧ ಸರ್ ಅವರಿಗೆ,

ಕೊಡಲಾಗದು. ಟೆನರಿನ ಬಾಯಲ್ಲಿ ನಿ ಇದೆ, ಅದು ಸ ಗೆ ಏರಲೇಬೇಕು. ಸ ಮನೆಯನ್ನು ಹಾರಿ ಗ ಗೆ ನೆಗೆದರೆ ಸೀನು ಬಂದು ನಿಂತ ಹಾಗೆ ಇರುತ್ತದೆ. ಅನುಮಾನ ಇದ್ದರೆ ಹಾಡಿಸಿ ನೋಡಿ, ನಿಮ್ಮ ಕಿವಿಯೇ ಬಯ್ಯುತ್ತದೆ. ಸೋಪ್ರಾನೊಗೆ ಕೊಟ್ಟರೆ ಅವ್ವನ ಧಾಟಿ ಮುರಿಯುತ್ತದೆ. ಬೇಸಿಗೆ ಕೊಟ್ಟರೆ ಹಾಡು ನೆಲ ಮುಟ್ಟುವುದೇ ಇಲ್ಲ.

ನಿಮಗೆ ಬೇಕಾದದ್ದು ಎಲ್ಲರೂ ಒಂದು ಕಡೆ ಹೋದರೂ ತನ್ನ ಸ್ವರ ಬಿಡದ ದನಿ. ಕಲ್ಲು ಕೊಯ್ಯುವ ಮಿಷನ್ನಿನ ಎದುರೂ ಧಾಟಿ ತಪ್ಪದ ದನಿ. ಯಾರ ಜೋಡಿಯೂ ಬೆರೆಯದ ದನಿ.

ಅದು ಎಲ್ಲಿ ಸಿಗುತ್ತದೆಂದು ನಿಮಗೆ ಗೊತ್ತು. ಶಹಾಬಾದಿನಿಂದ ಆಟೋ ಹೋಗುತ್ತದೆ.

ಸಂಘಮಿತ್ರಾ


ಶಹಾಬಾದ್
೨೪ ನವೆಂಬರ್ ೨೦೨೪

ಮಿತ್ರಾ,

ನೀನು ಬೇಕೆಂದೇ ಹೀಗೆ ಬರೆದೆ. ಮೊದಲ ಕಾಗದದಿಂದಲೇ ನನ್ನನ್ನು ಆ ಬಾಗಿಲಿಗೆ ನಡೆಸಿಕೊಂಡು ಹೋಗುತ್ತಿದ್ದೆ. ತಿಳಿಯಿತು. ಸಿಟ್ಟು ಬಂತು. ಒಂದು ವಾರ ಹೋಗಲಿಲ್ಲ. ಆಮೇಲೆ ಹೋದೆ.

ಅತ್ತಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ. "ಬಾ ಅಳಿಯಾ, ಕುಂದ್ರು" ಅಂದಳು. ಕುಳಿತೆ. ಮೊರ ಒಂದೇ ಸಮನೆ ಆಡುತ್ತಿತ್ತು. ನಾನು ಬಿಸಿಲಿನ ಮಾತಾಡಿದೆ, ತೊಗರಿಯ ಮಾತಾಡಿದೆ. ಅವಳು ಹೂಂ ಅನ್ನುತ್ತಿದ್ದಳು. ಕೊನೆಗೆ ನಾನೇ ಬಾಯಿ ಬಿಟ್ಟೆ.

"ಅತ್ತಿ, ಮೇಳಕ್ಕ ನಿನ್ನ ದನಿ ಬೇಕಾಗ್ಯಾದ."

ಮೊರ ನಿಂತಿತು. "ನನ್ನ ದನಿ ಬೆರೆಯಂಗಿಲ್ಲಲ್ಲೋ ಯಪ್ಪಾ."

"ಬೆರೆಯೂದು ಬ್ಯಾಡ ಅತ್ತಿ. ಬ್ಯಾರೆ ನಿಂದರೂದೇ ಬೇಕು."

ಅವಳು ಮೊರ ಪಕ್ಕಕ್ಕಿಟ್ಟಳು. ನಾನು ನೆಲ ನೋಡಿದೆ. ಕೈ ಮುಗಿದೆನೆಂದೂ ಬರೆಯುತ್ತೇನೆ, ನಿನಗೆ ಖುಷಿಯಾಗಲಿ. "ನಂದು ಅಂತ ಹೇಳ್ತಿಯೇನು ಮೈಕಿನಾಗ?" ಅಂದಳು. ಹೇಳುತ್ತೇನೆ ಅಂದೆ. "ಹಂಗಾದ್ರ ಬರ್ತೀನಿ ಬಿಡು" ಅಂದು ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದಳು. ಏಪ್ರಿಲಿನ ಮಾತು ಎತ್ತಲೇ ಇಲ್ಲ. ದೊಡ್ಡ ಮನಸ್ಸು. ನೀನು ಕಲಿಯಬೇಕು ಅವಳಿಂದ.

ನಿನ್ನೆ ವಿಹಾರದಲ್ಲಿ ಮೊದಲ ಸಲ ಹಾಡಿಸಿದೆ. ಕೊನೆಯಲ್ಲಿ ಮೂರು ದನಿ ಸ ಮೇಲೆ ಕುಳಿತವು, ಅವುಗಳ ನಡುವೆ ಅತ್ತಿಯ ಗ ಬಂತು. ಸುಶ್ಮಿತಾ ಹಾಡು ನಿಲ್ಲಿಸಿ ತಿರುಗಿ ನೋಡಿದಳು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ. ನಿನ್ನ ಸೇಡು ತೀರಿತಲ್ಲ, ಇನ್ನಾದರೂ 'ನೀ' ಅನ್ನು.

ಪ್ರಬುದ್ಧ


ಚಿಂಚೋಳಿ
೩ ಡಿಸೆಂಬರ್ ೨೦೨೪

ಪ್ರಬುದ್ಧ ಸರ್ ಅವರಿಗೆ,

ಹೌದು, ಆ ಬಾಗಿಲಿಗೆ ನಿಮ್ಮನ್ನು ನಾನೇ ನಡೆಸಿದೆ. ಅಂಗಳದಲ್ಲಿ ನೀವು ನೆಲ ನೋಡುತ್ತಾ ಕುಳಿತದ್ದನ್ನು ಮತ್ತೆ ಮತ್ತೆ ಓದಿದೆ. ಹೊಟ್ಟೆ ತಣ್ಣಗಾಯಿತು.

ಸೇಡು ತೀರಿತೋ ಇಲ್ಲವೋ ನಿಮ್ಮ ಕೈಯಲ್ಲಿದೆ. ಹೆಸರು ಹೇಳಿ. ಹೇಳಿದ ದಿನ ನಾನು 'ನೀ' ಅನ್ನುತ್ತೇನೆ, ನಂಬರನ್ನೂ ಬಿಡಿಸುತ್ತೇನೆ, ಮೇಳಕ್ಕೆ ಇನ್ನೂ ಹತ್ತು ಹಾಡು ಬರೆದು ಕೊಡುತ್ತೇನೆ. ಅವ್ವನೂ ನಿಮ್ಮ ಮಾತು ನಂಬಿ ಸೀರೆ ಇಸ್ತ್ರಿ ಮಾಡಿಸಿದ್ದಾಳೆ.

ಶಾಲೆಯಲ್ಲಿ ಪರೀಕ್ಷೆ ಇದೆ, ಸೇಡಂಗೆ ಬರಲಾಗುವುದಿಲ್ಲ. ಕಾಗದದಲ್ಲೇ ತಿಳಿಸಿ.

ಸಂಘಮಿತ್ರಾ


ಶಹಾಬಾದ್
೨೩ ಡಿಸೆಂಬರ್ ೨೦೨೪

ಸಂಘಮಿತ್ರಾ,

ಮೊದಲ ಬಹುಮಾನ ನಮಗೇ ಬಂತು. ಪೇಪರಿನಲ್ಲಿ ಫೋಟೋ ಬಂದಿದೆ. ಊರೆಲ್ಲ ಹಾರ ಹಾಕುತ್ತಿದೆ. ನಾನು ಮಾತ್ರ ನಿನಗೆ ಈ ಕಾಗದ ಬರೆಯದೆ ಮಲಗಲಾರೆ.

ಹೆಸರಿನದ್ದು ಮೊದಲೇ ಹೇಳಿಬಿಡುತ್ತೇನೆ. ತಿದ್ದಿಸಬೇಕು ಅಂದುಕೊಂಡಿದ್ದೆ. ಅಲ್ಲಿ ಹೋದರೆ ಕಾರ್ಯಕ್ರಮದ ಹಾಳೆ ಅಚ್ಚಾಗಿತ್ತು, ನಿರೂಪಣೆ ಮಾಡುವ ಹೆಣ್ಣುಮಗಳ ಕೈಯಲ್ಲಿ ಚೀಟಿ ಇತ್ತು. ಎಲ್ಲರ ಎದುರು ಹೋಗಿ ಇದು ನನ್ನದಲ್ಲ ಅನ್ನಬೇಕಿತ್ತು. ಆ ಹೊತ್ತಿನಲ್ಲಿ ಹೇಗೆ ಅನ್ನಲಿ? ಮುಂದಿನ ಸಲ ಹೇಳಿದರಾಯಿತು ಅಂದುಕೊಂಡೆ. ಅವಳು 'ಸಾಹಿತ್ಯ, ಸಂಗೀತ, ನಿರ್ದೇಶನ, ಪ್ರಬುದ್ಧ' ಎಂದು ಓದಿದಳು. ಅತ್ತಿ ಮುಂದಿನ ಸಾಲಿನಲ್ಲೇ ಇದ್ದಳು, ನಾನೇ ನಿಲ್ಲಿಸಿದ್ದೆ. ಮುಖ ಸ್ವಲ್ಪವೂ ಬದಲಾಗಲಿಲ್ಲ. ಬೇಸರವಾಗಿಲ್ಲ ಅಂದುಕೊಂಡೆ.

ಹಾಡು ಶುರುವಾಯಿತು. ಅಷ್ಟು ಚೆನ್ನಾಗಿ ನಾವು ಎಂದೂ ಹಾಡಿರಲಿಲ್ಲ. ಅತ್ತಿಯ ದನಿ ನಡುವೆ ತೊಲೆಯ ಹಾಗೆ ಇತ್ತು, ಉಳಿದವರೆಲ್ಲ ಅದರ ಮೇಲೆ ಭಾರ ಹಾಕಿದ್ದರು. ಕೊನೆಯ ಸಾಲು ಬಂತು. ಪ, ನಿ, ಮ, ರಿ. ನಾಲ್ಕೂ ಇದ್ದವು. ನಾನು ಕೈ ಇಳಿಸಿದೆ. ಮೂರು ದನಿ ಸ ಗೆ ಬಂದವು. ಅತ್ತಿಯ ಬಾಯಿ ತೆರೆದಿತ್ತು, ತುಟಿ ಅಲ್ಲಾಡುತ್ತಿತ್ತು, ಕಣ್ಣು ನನ್ನ ಕಣ್ಣಲ್ಲಿತ್ತು. ದನಿ ಇರಲಿಲ್ಲ.

ಲತೀಫಾ ಮತ್ತೆ ಉಳಿದ ಹುಡುಗಿಯರು ಯಾವತ್ತಿನಂತೆ ಸ ಗೆ ಜಾರಿದ್ದರು. ನಾನು ಕೈಯನ್ನು ಗಾಳಿಯಲ್ಲೇ ಹಿಡಿದಿದ್ದೆ, ಈಗ ಬಂದೀತು, ಈಗ ಬಂದೀತು ಎಂದು. ಬರಲಿಲ್ಲ. ಆ ಖಾಲಿ ಕೋಣೆಯಲ್ಲಿ ಎಲ್ಲರ ಎದುರು ನಾನೊಬ್ಬನೇ ನಿಂತಿದ್ದೆ. ಆಮೇಲೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವರಿಗೆ ಏನೂ ಗೊತ್ತಾಗಲಿಲ್ಲ. ಕೆಳಗಿನಿಂದ ನೋಡಿದವರಿಗೆ ಅತ್ತಿ ಎಲ್ಲರಂತೆ ಹಾಡುತ್ತಿದ್ದಳು.

ಹೈದರಾಬಾದಿನವರಿಗೆ ಗೊತ್ತಾಯಿತು. ಅವರು ಕೈ ಕುಲುಕಿ, "ಅಷ್ಟು ತುಂಬಿದ ಹಾಡನ್ನು ಬರಿಯ ಷಡ್ಜದಲ್ಲಿ ಮುಗಿಸಿದಿರಲ್ಲ, ಭಾಳ ಧೈರ್ಯ. ಇದು ಯಾರ ವಿಚಾರ?" ಅಂದರು. ನನ್ನದು ಅಂದೆ. ಬೇರೆ ಏನು ಹೇಳಲಿ? ಈಗ ಕಲಬುರಗಿಗೆ ಕರೆದಿದ್ದಾರೆ, ಅದೇ ಹಾಡು, ಅದೇ ಮುಕ್ತಾಯ ಬೇಕಂತೆ.

ಅವತ್ತಿನಿಂದ ಆ ಕೊನೆ ಕಿವಿಯಲ್ಲಿ ನಿಂತುಬಿಟ್ಟಿದೆ. ಗಾಡಿಯ ಹಾರ್ನಿನಲ್ಲಿ ಕೇಳಿಸುತ್ತದೆ, ಫ್ಯಾನಿನಲ್ಲಿ ಕೇಳಿಸುತ್ತದೆ. ಇದು ನೀನು ಮಾಡಿಸಿದ್ದು. ಅತ್ತಿಗೆ ಇಷ್ಟು ತಿಳಿಯುವುದಿಲ್ಲ. ಹೌದೋ ಅಲ್ಲವೋ ಹೇಳು.

ಪ್ರಬುದ್ಧ


ಭಂಕೂರು
೧ ಜನವರಿ ೨೦೨೫

ಪ್ರಬುದ್ಧ,

ರಜೆಗೆ ಊರಿಗೆ ಬಂದಿದ್ದೇನೆ. ನಿನ್ನ ಕಾಗದವನ್ನು ಚಿಂಚೋಳಿಯಿಂದ ತಂದು ಅವ್ವನಿಗೆ ಓದಿ ಹೇಳಿದೆ.

'ನೀ' ಎಂದು ಬರೆದಿದ್ದೇನೆಂದು ಹಿಗ್ಗಬೇಡ. 'ನೀವು' ಅನ್ನಲು ಒಂದಿಷ್ಟು ಮರ್ಯಾದೆಯಾದರೂ ಉಳಿದಿರಬೇಕು.

ನಾನು ಮಾಡಿಸಿದ್ದು ಅರ್ಧವಷ್ಟೇ. ಇನ್ನರ್ಧ ಅವ್ವನದೇ, ಮೊದಲು ಅದನ್ನು ಕೇಳು. ಹೆಸರು ಹೇಳದಿದ್ದರೆ ಹಾಡಿನ ಉದ್ದಕ್ಕೂ ಬಾಯಿ ಮುಚ್ಚಿ ನಿಲ್ಲು ಎಂದು ನಾನು ಅವ್ವನಿಗೆ ಹೇಳಿದ್ದೆ. ವೇದಿಕೆಯ ಮೇಲೆ ನಿನ್ನ ಮೇಳ ಬೋರಲು ಬೀಳಲಿ ಎಂದೇ ನನ್ನ ಆಸೆ ಇತ್ತು. ಅವ್ವ ಒಪ್ಪಲಿಲ್ಲ. "ಹಾಡು ಏನ್ ತಪ್ಪು ಮಾಡ್ಯಾದ? ಆ ಹುಡುಗ್ರು ಏನ್ ಮಾಡ್ಯಾರ? ನಾ ಪೂರಾ ಹಾಡ್ತೀನಿ" ಅಂದಳು. ಆ ಕೊನೆಯ ಗ ವಿಷಯ ಅವಳು ನನಗೂ ಹೇಳಿರಲಿಲ್ಲ. ನಿನ್ನ ಕಾಗದ ಓದಿದಾಗಲೇ ನನಗೆ ಗೊತ್ತಾಯಿತು. ಯಾಕವ್ವಾ ಹಾಗೆ ಮಾಡಿದೆ ಎಂದು ಕೇಳಿದೆ.

"ನಾ ಏನ್ ಮಾಡ್ದೆ? ಅಂವ ಹೇಳಿದ್ದೇ ಮಾಡ್ದೆ. ತುಟಿ ಅಲ್ಲಾಡಸು, ದನಿ ತೆಗೀಬ್ಯಾಡ ಅಂದಿದ್ದ. ಹಾಡು ಅವಂದು ಅಂತ ಮೈಕಿನಾಗ ಹೇಳಿದ್ರಲ್ಲ. ಅವನ ಹಾಡಿಗೆ ಅವನ ಮಾತು ನಡಸಬೇಕಲ್ಲ?"

ಅತ್ತಿಗೆ ಇಷ್ಟು ತಿಳಿಯುವುದಿಲ್ಲ ಎಂದು ಬರೆದಿದ್ದೀಯ. ಅವಳಿಗೆ ಗ ಎಂದರೆ ಏನೆಂದು ಗೊತ್ತಿಲ್ಲ, ನಿಜ. ತನ್ನನ್ನು ತೆಗೆದರೆ ಏನು ಉಳಿಯುತ್ತದೆಂದು ಗೊತ್ತು.

ಉಳಿದ ಅರ್ಧ ನನ್ನದು, ಅದನ್ನೂ ಹೇಳಿಬಿಡುತ್ತೇನೆ. ನಾನು ನಿನಗೆ ಹಾಡು ಕಲಿಸಲಿಲ್ಲ, ಕಿವಿ ಕೊಟ್ಟೆ. ಚಿತ್ತಾಪುರದಲ್ಲಿ ಅವ್ವ ಬಾಯಿ ಮುಚ್ಚಿದಾಗ ನಿನಗೆ ಏನೂ ಕಡಿಮೆ ಅನಿಸಲಿಲ್ಲ. ಅದೇ ನನ್ನ ಹೊಟ್ಟೆ ಉರಿಸಿತು. ಏನು ಕಳೆಯಿತೆಂದು ತಿಳಿಯದವನ ಮೇಲೆ ಸೇಡು ಹೇಗೆ ತೀರಿಸಿಕೊಳ್ಳುವುದು? ಆದ್ದರಿಂದ ಮೊದಲು ತಿಳಿಯುವಂತೆ ಮಾಡಿದೆ. ದಿನಾ ಬೆಳಿಗ್ಗೆ ಗ ತೆಗೆದು ನೋಡು ಅಂದೆ. ನೀನು ಹೇಳಿದ್ದು ಕೇಳುವ ಶಿಷ್ಯ, ಮಾಡಿದೆ. ಆ ಕಿವಿಯನ್ನು ಇನ್ನು ವಾಪಸು ಕೊಡಲಾಗದು.

ಕಲಬುರಗಿಗೆ ಹೋಗು. ಹಾಡಿಸು. ಬರಿಯ ಷಡ್ಜದಲ್ಲಿ ಮುಗಿಸುವ ಧೈರ್ಯ ನಿನ್ನದೇ ಎಂದು ನೀನೇ ಒಪ್ಪಿಕೊಂಡಿದ್ದೀಯ. ಇನ್ನು ಪ್ರತಿ ವೇದಿಕೆಯಲ್ಲೂ ಹಾಗೇ ಮುಗಿಸಬೇಕು, ಜನ ಚಪ್ಪಾಳೆ ತಟ್ಟುತ್ತಾರೆ, ನೀನು ಕೈ ಎತ್ತಿ ನಿಂತು ಬಾರದ ಗ ಕಾಯಬೇಕು. ಬಹುಮಾನ ನಿನಗೇ ಇರಲಿ, ಅದರ ಜೊತೆ ಬಂದದ್ದೂ ನಿನಗೇ ಇರಲಿ.

ಇಲ್ಲಿ ಅವ್ವ ಮತ್ತೆ ಹಾಡುತ್ತಿದ್ದಾಳೆ. ಸೇಡಂನಿಂದ ಬಂದ ಮರುದಿನವೇ ಶುರು ಮಾಡಿದಳೆಂದು ಪಕ್ಕದ ಮನೆಯ ಗುರುದೇವಿ ಹೇಳಿದಳು. ಇದನ್ನು ಬರೆಯುವಾಗ ಒಳಗೆ ರೊಟ್ಟಿ ಬಡಿಯುವ ಸಪ್ಪಳ, ಅದರ ಮೇಲೆ 'ಮೆಲ್ಲಕ ಬಾರೋ ಮನಿತನಕ'. ಅವಳು ಮೇಲಿನ ಧಾಟಿ ಬಿಟ್ಟು ಆಲ್ಟೊ ಹಾಡುತ್ತಿದ್ದಾಳೆ. ಕೊನೆಗೆ ಗ ಮೇಲೆ ಬಂದು ಉಸಿರು ಮುಗಿಯುವ ತನಕ ನಿಲ್ಲುತ್ತಾಳೆ.

ಬೇಕಾದರೆ ಬಂದು ಬಾಗಿಲ ಹೊರಗೆ ನಿಂತು ಕೇಳು. ಜೊತೆಗೆ ಹಾಡಬೇಕು ಅನಿಸಿದರೆ ತುಟಿ ಅಷ್ಟೇ ಅಲ್ಲಾಡಸು, ದನಿ ತೆಗೀಬ್ಯಾಡ.

ಸಂಘಮಿತ್ರಾ